ಇನ್ನೊಂದ್ಸಲ ಹಾಕಿ

ಒಂದು ಹಾಡು ತಲೆಗೆ ಹತ್ತಿತೆಂದರೆ ಮುಗಿಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಅದೇ, ಬಸ್ಸಿನ ಕಿಟಕಿ ಪಕ್ಕ ಕೂತಾಗ ಅದೇ, ರಾತ್ರಿ ದೀಪ ಆರಿಸಿದ ಮೇಲೂ ಅದೇ. ‘ಲೋಕದಲ್ಲಿ ಬೇರೆ ಹಾಡೇ ಇಲ್ವಾ?’ ಎಂದು ಮನೆಯವರು ಗೊಣಗುತ್ತಾರೆ. ಅವರಿಗೆ ಈ ವಾರ ಉತ್ತರ ಕೊಡಬೇಕೆನಿಸಿದೆ. ಒಂದೇ ಹಾಡನ್ನು ಪದೇ ಪದೇ ಕೇಳುವುದನ್ನು ಗೀಳು ಎನ್ನಲು ನನಗೆ ಮನಸ್ಸಿಲ್ಲ. ಮೊದಲ ಸಲ ಹಾಡು ನಮ್ಮನ್ನು ಹಿಡಿಯುತ್ತದೆ, ನಾವು ಹಾಡನ್ನು ಹಿಡಿಯಲು ಇನ್ನೂ ಎಷ್ಟೋ ಸಲ ಬೇಕು.

ಕ್ಯಾಸೆಟ್ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಗಿದ ಹಾಡನ್ನು ಮತ್ತೆ ಕೇಳಬೇಕೆಂದರೆ ಹಿಂದಕ್ಕೆ ಓಡಿಸಬೇಕು. ಅಂದಾಜು ತಪ್ಪಿದರೆ ಹಿಂದಿನ ಹಾಡಿನ ಕೊನೆಯ ಚರಣ ಶುರುವಾಗುತ್ತಿತ್ತು. ಬ್ಯಾಟರಿ ಉಳಿಸಲು ಕ್ಯಾಸೆಟ್ ಹೊರತೆಗೆದು, ಚಕ್ರಕ್ಕೆ ಪೆನ್ನು ತೂರಿಸಿ ಗರಗರ ತಿರುಗಿಸುವವರಿದ್ದರು. 60 ನಿಮಿಷದ ಖಾಲಿ ಕ್ಯಾಸೆಟ್ ಕೊಂಡು, ಅಂಗಡಿಯವನ ಕೈಗೆ ಚೀಟಿ ಕೊಟ್ಟು, ಒಂದು ಬದಿಯ ಅರ್ಧ ಗಂಟೆಯುದ್ದಕ್ಕೂ ಒಂದೇ ಹಾಡು ತುಂಬಿಸಿಕೊಂಡ ಭಕ್ತರೂ ಇದ್ದರು. ಇಂದು ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಆಗ ಅಷ್ಟು ಶ್ರದ್ಧೆ ಬೇಕಿತ್ತು.

ಅದಕ್ಕೂ ಹಿಂದೆ ಗದಗಿನ ಹುಡುಗನೊಬ್ಬ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿದ. ಝಿಂಜೋಟಿಯ ಠುಮ್ರಿ. ಆ ತಟ್ಟೆಗಳ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷದ ಆಸುಪಾಸಿನ ಸಂಗೀತವಷ್ಟೆ. ಆ ದನಿಯ ಹಾಗೆ ಹಾಡಬೇಕೆಂಬ ಹಟ ಹುಡುಗನೊಳಗೆ ಕೂತುಬಿಟ್ಟಿತು. 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಅವನು ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು, ಅಂದರೆ ಅದೇ ಖಾನ್ ಸಾಹೇಬರ ಶಿಷ್ಯರನ್ನು. ಆ ಹುಡುಗ ಭೀಮಸೇನ ಜೋಶಿ. ದೊಡ್ಡವರಾದ ಮೇಲೆ ಅವರೂ ಆ ಠುಮ್ರಿಯನ್ನು ಹಾಡಿದರು. ಒಂದು ಹಾಡು ಬಿಡದೆ ಕಾಡಿದರೆ ಏನೆಲ್ಲ ಆಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ನಮ್ಮನಿಮ್ಮಂಥವರನ್ನು ಕಾಡುವುದು ಹೆಚ್ಚಾಗಿ ಸಿನಿಮಾ ಹಾಡು. ನನ್ನ ಆಯ್ಕೆ ‘ಗೀತಾ’ ಚಿತ್ರದ ‘ಜೊತೆಯಲಿ’. 1981ರ ಚಿತ್ರ, ಶಂಕರ್‌ನಾಗ್ ನಿರ್ದೇಶನ, ಸಂಗೀತ ಇಳಯರಾಜ, ಸಾಹಿತ್ಯ ಚಿ. ಉದಯಶಂಕರ್, ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ನಾಲ್ಕು ದಶಕ ದಾಟಿದರೂ ಆರ್ಕೆಸ್ಟ್ರಾ ವೇದಿಕೆಯಲ್ಲಿ ಇದು ಶುರುವಾದರೆ ಜನ ತಾವಾಗಿಯೇ ದನಿ ಕೂಡಿಸುತ್ತಾರೆ. ಮೊದಲ ಸಲ ಕೇಳಿದಾಗ ಎಲ್ಲರಿಗೂ ದಕ್ಕುವುದು ಪಲ್ಲವಿ. ಅದು ಅಷ್ಟು ಸಲೀಸಾಗಿ ನಾಲಿಗೆಗೆ ಬರುತ್ತದೆ, ಒಂದೇ ಕೇಳುವಿಕೆಗೆ ಗುನುಗಬಹುದು. ಬರೀ ಪಲ್ಲವಿಯೇ ಬಂಡವಾಳವಾಗಿದ್ದರೆ ವಾರದೊಳಗೆ ಸಾಕೆನಿಸಬೇಕಿತ್ತು. ಹಾಗಾಗುವುದಿಲ್ಲ.

ಕಾರಣ ಬೇಕಿದ್ದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಹಾಡುವವರನ್ನು ಒಂದು ಗಳಿಗೆ ಬಿಟ್ಟು, ಕೆಳಗೆ ನುಡಿಯುವ ಬೇಸ್ ಗಿಟಾರಿನ ಹಿಂದೆ ಹೋಗಿ. ಮಾಮೂಲಿ ಹಾಡಿನಲ್ಲಿ ಬೇಸ್ ತಾಳದ ಜೊತೆ ಗುಮ್‌ಗುಮ್ ಎಂದು ನೆಲ ಹಾಸಿಕೊಟ್ಟು ಸುಮ್ಮನಾಗುತ್ತದೆ. ಇಳಯರಾಜರಲ್ಲಿ ಅದು ತಾನೇ ಒಂದು ರಾಗ ಹಾಡುತ್ತದೆ. ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮುಂದಕ್ಕೆ ಬರುತ್ತದೆ, ಅವರು ಸಾಲು ಎತ್ತಿಕೊಂಡಾಗ ಹಿಂದೆ ಸರಿಯುತ್ತದೆ. ಪ್ರತಿ ವಾದ್ಯದ ಸ್ವರವನ್ನೂ ಸ್ವತಃ ಬರೆದು ಕೊಡುವ ಸಂಗೀತಗಾರರು ಅವರು. ಬೇಸ್ ಗಿಟಾರಿನ ಆ ನಡಿಗೆಯೂ ಯೋಚಿಸಿ ಇಟ್ಟದ್ದು. ಮುಂದಿನ ಸಲ ಪಿಟೀಲುಗಳಿಗೆ ಕಿವಿ ಕೊಡಿ. ಅದರ ಮುಂದಿನ ಸಲ ಜಾನಕಿಯವರಿಗೆ, ಅವರು ಸಾಲಿನ ಕೊನೆಯನ್ನು ಹೇಗೆ ಬಿಡುತ್ತಾರೆ ಎಂಬುದಕ್ಕೆ ಮಾತ್ರ. ಚರಣ ಮುಗಿಸಿ ಪಲ್ಲವಿಗೆ ಮರಳುವಾಗ ಅದೇ ಸ್ವರ, ಅದೇ ಮಾತು. ಕೇಳುವವರ ಮನಸ್ಸು ಮಾತ್ರ ಅಷ್ಟರಲ್ಲಿ ಬೇರೆಯಾಗಿರುತ್ತದೆ.

ಇಳಯರಾಜರಿಗೂ ಈ ಮಟ್ಟನ್ನು ಬಿಡಲಾಗಲಿಲ್ಲ. 1984ರ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಅದನ್ನು ಒಯ್ದರು. 2007ರಲ್ಲಿ ಬಾಲ್ಕಿಯವರ ‘ಚೀನಿ ಕಮ್’ ಚಿತ್ರಕ್ಕಾಗಿ ಶ್ರೇಯಾ ಘೋಷಾಲ್ ದನಿಯಲ್ಲಿ ಹಿಂದಿಗೂ ತಂದರು. ಮಾಡಿದ್ದನ್ನೇ ಮಾಡಿದರು ಎಂದು ಮೂಗು ಮುರಿದವರುಂಟು. ನನಗೆ ಅದು ಕೇಳುಗನ ಹಂಬಲದಂತೆಯೇ ಕಾಣುತ್ತದೆ.

ವಿಜ್ಞಾನಿಗಳೂ ಈ ಮರುಕಳಿಕೆಯ ಬೆನ್ನು ಹತ್ತಿದ್ದಾರೆ. ಅಮೆರಿಕದ ಎಲಿಜಬೆತ್ ಮಾರ್ಗುಲಿಸ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಲುಚಿಯಾನೊ ಬೆರಿಯೊ, ಎಲಿಯಟ್ ಕಾರ್ಟರ್ ಇಬ್ಬರೂ ತಮ್ಮ ಸಂಗೀತದಲ್ಲಿ ಪುನರಾವರ್ತನೆಯನ್ನು ದೂರವಿಟ್ಟವರು. ಮಾರ್ಗುಲಿಸ್ ಆ ಇಬ್ಬರ ಕೃತಿಗಳ ತುಣುಕುಗಳನ್ನು ಕತ್ತರಿಸಿ, ಕೆಲವು ಭಾಗ ಮತ್ತೆ ಬರುವಂತೆ ಅಂಟಿಸಿ ಕೇಳಿಸಿದರು. ಕೇಳಿದವರಿಗೆ ಮೂಲಕ್ಕಿಂತ ಅಂಟಿಸಿದ್ದೇ ಹೆಚ್ಚು ಹಿಡಿಸಿತು. ಯಂತ್ರವಲ್ಲ, ಮನುಷ್ಯನೇ ರಚಿಸಿದ್ದಿರಬೇಕು ಎಂದೂ ಅವರಿಗೆ ಅನಿಸಿತು. ನಮ್ಮ ಕಛೇರಿಗಳಲ್ಲಿ ಇದು ಹಳೆಯ ಮಾತು. ಒಂದೇ ಸಾಲನ್ನು ಸಂಗತಿಯ ಮೇಲೆ ಸಂಗತಿ ಹಾಕಿ ಹಾಡುವಾಗ ‘ಹೇಳಿದ್ದೇ ಹೇಳ್ತಾರೆ’ ಎಂದು ಎದ್ದು ಹೋಗುವ ರಸಿಕರಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯದವರು ಪದೇ ಪದೇ ಕೇಳುವವರನ್ನೇ ವಿಚಾರಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ಕುಣಿಸುವ ಹಾಡಿಗಿಂತಲೂ ಹೆಚ್ಚು ಸಲ ಕೇಳಿಸಿಕೊಳ್ಳುವುದು ಸಂತೋಷದಲ್ಲಿ ಒಂದಿಷ್ಟು ನೋವು ಬೆರೆತ ಹಾಡು. ಸಾವಿನ ನೆರಳು ಬೀಳುವ ಪ್ರೇಮಕಥೆಯ ‘ಗೀತಾ’ ನೋಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ರೀಲ್ಸ್‌ಗಳಲ್ಲಿ ಓಡಾಡುವ ತುಣುಕುಗಳ ಬಗ್ಗೆ ನನ್ನ ತಕರಾರು ಪಲ್ಲವಿಗೆ ಮರಳುವ ವಿಷಯದಲ್ಲಿಯೇ ಇರುವುದು. ಹದಿನೈದು ಸೆಕೆಂಡಿನ ಪಲ್ಲವಿ ಕಿತ್ತುಕೊಂಡು ದಿನವಿಡೀ ಉರುಳಿಸಿದರೆ ಹೋಗಿ ಮರಳುವ ದಾರಿಯೇ ಇರುವುದಿಲ್ಲ. ನಡುವಿನ ವಾದ್ಯವಿಲ್ಲ, ಚರಣವಿಲ್ಲ, ಪಲ್ಲವಿಗಾಗಿ ಕಾಯುವ ಸುಖವಿಲ್ಲ. ಅಂಥದ್ದು ತಿಂಗಳೊಳಗೆ ಸವೆದರೆ ಹಾಡನ್ನು ದೂರಬಾರದು. ಅದನ್ನು ನಾವು ಪೂರ್ತಿ ಕೇಳಿಯೇ ಇರುವುದಿಲ್ಲ.

ಈ ಭಾನುವಾರ ಮೊದಲು ಕನ್ನಡದ್ದು, ಆಮೇಲೆ ತಮಿಳು, ಆಮೇಲೆ ಹಿಂದಿ, ಮೂರನ್ನೂ ಸಾಲಾಗಿ ಕೇಳಿ. ಹಿಂದಿಯದು ಒಬ್ಬಳೇ ಹಾಡುವ ಹಾಡು. ಬಾಲು ಇಲ್ಲದ ಜಾಗವನ್ನು ಇಳಯರಾಜ ಏನಿಟ್ಟು ತುಂಬಿದ್ದಾರೆ ಎಂದು ಹುಡುಕುತ್ತಾ ಹೋಗಿ. ಒಂದು ಸಲಕ್ಕೆ ಸಿಕ್ಕದಿದ್ದರೆ ಇನ್ನೊಂದು ಸಲ ಹಾಕಿ.