ಬೆನ್ಸನ್ ಹಾಡಿ ಕೆಟ್ಟನೇ?

ಗೆದ್ದ ಹಾಡುಗಳನ್ನು ಹೆಕ್ಕಿ ಕಟ್ಟಿದ ಸಂಕಲನವೆಂದರೆ ಜಾಝ್ ರಸಿಕರು ಮೂಗು ಮುರಿಯುತ್ತಾರೆ. ಅದು ಜಾರ್ಜ್ ಬೆನ್ಸನ್‌ನದ್ದಾದರೆ ಮೂಗು ಇನ್ನಷ್ಟು ಸೊಟ್ಟಗಾಗುತ್ತದೆ. ಅಂಥಾ ಗಿಟಾರ್ ವಾದಕ ಹಾಡಲು ಹೋಗಿ ಕೆಟ್ಟ ಎಂಬುದು ಅವರ ಹಳೇ ದೂರು. 1981ರಲ್ಲಿ ವಾರ್ನರ್ ಬ್ರದರ್ಸ್ ಹೊರತಂದ ಜೋಡಿ ಎಲ್‌ಪಿ ‘ದ ಜಾರ್ಜ್ ಬೆನ್ಸನ್ ಕಲೆಕ್ಷನ್’ ಕೇಳಿದರೆ ಆ ದೂರು ನಿಲ್ಲುವುದಿಲ್ಲ.

ಎಲ್ಲಕ್ಕೂ ಕಾರಣ 1976ರ ‘ಬ್ರೀಝಿನ್’. ಅದರಲ್ಲಿ ಬೆನ್ಸನ್ ಹಾಡಿದ್ದು ಒಂದನ್ನೇ, ಲಿಯಾನ್ ರಸೆಲ್ ಬರೆದ ‘ದಿಸ್ ಮ್ಯಾಸ್ಕರೇಡ್’. ಮಿಕ್ಕಿದ್ದೆಲ್ಲ ಬರೀ ವಾದ್ಯ. ಆ ಒಂದು ಹಾಡಿಗೆ ಗ್ರ್ಯಾಮಿಯಲ್ಲಿ ವರ್ಷದ ರೆಕಾರ್ಡ್ ಪ್ರಶಸ್ತಿ ಬಂತು. ಆಲ್ಬಮ್ ಬಿಲ್‌ಬೋರ್ಡಿನ ಪಾಪ್, ಸೋಲ್, ಜಾಝ್ ಮೂರೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಆಮೇಲೆ ಎಲ್ಲರೂ ಕೇಳಿದ್ದು ಕಂಠವನ್ನೇ. ಗಿಟಾರ್ ಒಂದು ಹೆಜ್ಜೆ ಹಿಂದೆ ಸರಿಯಿತು, ಸುಳ್ಳಲ್ಲ.

ಆದರೆ ಇದೇ ಸಂಕಲನದಲ್ಲಿರುವ ‘ಹಿಯರ್ ಕಮ್ಸ್ ದ ಸನ್’ ಕೇಳಿ. ಬೀಟಲ್ಸ್‌ನ ‘ಆಬಿ ರೋಡ್’ ಅಂಗಡಿಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, 1969ರಲ್ಲೇ ಆದ ಧ್ವನಿಮುದ್ರಣ ಇದು. ಇಲ್ಲಿ ಬೆನ್ಸನ್ ಹಾಡಿದ್ದಾನೆ, ಅದೂ ಚೆನ್ನಾಗಿಯೇ. ಪಿಟ್ಸ್‌ಬರ್ಗ್‌ನಲ್ಲಿ ಎಳವೆಯಲ್ಲೇ ಯುಕುಲೇಲೆ ಹಿಡಿದು ಹಾಡಿ ಕಾಸು ಕಂಡವನು ಅವನು. ‘ಬ್ರೀಝಿನ್’ ಬಂದ ಮೇಲೆ ಹಾಡು ಕಲಿತನೆನ್ನುವುದು ಬರೀ ಹರಟೆ.

ನನ್ನ ಮಟ್ಟಿಗೆ ಈ ಸಂಕಲನದ ಜೀವ ಇರುವುದು ‘ಆನ್ ಬ್ರಾಡ್‌ವೇ’ಯಲ್ಲಿ. ವೆಸ್ಟ್ ಹಾಲಿವುಡ್‌ನ ರಾಕ್ಸಿಯಲ್ಲಿ ಜನರೆದುರು ಮುದ್ರಿಸಿದ್ದು. ಹಾಡು ಮುಗಿಯಿತೆನ್ನುವಷ್ಟರಲ್ಲಿ ಸಾಹಿತ್ಯ ಬಿಟ್ಟು ಬರೀ ಉಲಿಗಳಿಗಿಳಿಯುತ್ತಾನೆ. ಬೆರಳು ತಂತಿಯ ಮೇಲೆ ಏನು ನುಡಿಸುತ್ತದೋ ಬಾಯಿ ಅದನ್ನೇ, ಅದೇ ಸ್ವರದಲ್ಲಿ, ಅದೇ ಗಳಿಗೆಯಲ್ಲಿ ಹಾಡುತ್ತದೆ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕನ ಸಂಗತಿಯನ್ನು ಅರೆಕ್ಷಣ ತಡವಾಗಿ ಹಿಡಿಯುತ್ತದಲ್ಲ, ಇಲ್ಲಿ ಆ ಅರೆಕ್ಷಣವೂ ಇಲ್ಲ. ಸ್ವರ ಮೇಲೇರಿ ಬಿಗಿಯಾದಾಗ ಕಂಠ ಸ್ವಲ್ಪ ಒರಟಾಗುತ್ತದೆ, ಗಿಟಾರ್ ಮಾತ್ರ ದುಂಡಗೆ ಉಳಿಯುತ್ತದೆ. ಎರಡೂ ಸೇರಿ ಮೂರನೆಯದೊಂದು ನಾದ ಹುಟ್ಟುತ್ತದೆ. ಇಂಥವನಿಗೆ ಗಾಯಕ ಬೇರೆ, ವಾದಕ ಬೇರೆ ಎಂದು ಗೆರೆ ಎಳೆಯುವುದು ಹೇಗೆ?

ಡಾನ್ ಸೆಬೆಸ್ಕಿ ಸ್ಪ್ಯಾನಿಷ್ ರಂಗು ಬಳಿದ ‘ವೈಟ್ ರ್‍ಯಾಬಿಟ್’ ಇರುವುದು ಸಂಪಾದಿಸಿದವರ ಜಾಣತನ. ಗಿಟಾರ್ ಬಲ್ಲವರು ಮೊದಲು ಅದಕ್ಕೇ ಸೂಜಿ ಇಡಲಿ. ಸಂಕಲನಕ್ಕೆಂದೇ ಮಾಡಿದ ‘ಟರ್ನ್ ಯುವರ್ ಲವ್ ಅರೌಂಡ್’ ಭರ್ಜರಿಯಾಗಿ ಓಡಿತು, ಗ್ರ್ಯಾಮಿಯನ್ನೂ ಗೆದ್ದಿತು. ಅದರ ತಾಳಕ್ಕೆ ಲಿನ್ ಡ್ರಮ್ ಯಂತ್ರ. ಕಾಲು ತಾನಾಗಿ ಕುಣಿಯುತ್ತದೆ, ಒಪ್ಪುತ್ತೇನೆ. ಆದರೂ ರಾಕ್ಸಿಯ ಬೆವರು ಅದರಲ್ಲಿಲ್ಲ. ‘ದ ಗ್ರೇಟೆಸ್ಟ್ ಲವ್ ಆಫ್ ಆಲ್’ ಬಗ್ಗೆ ಹೆಚ್ಚು ಹೇಳಲಾರೆ. ಮುಹಮ್ಮದ್ ಅಲಿ ಕುರಿತ ಸಿನಿಮಾಕ್ಕೆ ಇವನು ಹಾಡಿದ್ದನ್ನು ಮುಂದೆ ವಿಟ್ನಿ ಹ್ಯೂಸ್ಟನ್ ಪೂರ್ತಿ ತನ್ನದಾಗಿಸಿಕೊಂಡಳು.

ಕೊರತೆಯೆಂದರೆ ಅರವತ್ತರ ದಶಕದ ನಡುಭಾಗ. ಜ್ಯಾಕ್ ಮೆಕ್‌ಡಫ್‌ನ ಆರ್ಗನ್ ತಂಡದಲ್ಲಿ ಪಳಗಿದ ಆ ಬಿಸಿ ಕೈ ಇಲ್ಲಿ ಸಿಗುವುದಿಲ್ಲ. ಅದು ಬೇಕಿದ್ದವರು ನಿರ್ಮಾಪಕ ಜಾನ್ ಹ್ಯಾಮಂಡ್ ಕೊಲಂಬಿಯಾ ರೆಕಾರ್ಡ್ಸ್‌ಗೆ ಕರೆತಂದ ಮೇಲೆ 1966ರಲ್ಲಿ ಬಂದ ‘ಇಟ್ಸ್ ಅಪ್‌ಟೌನ್’ ಹುಡುಕಿ. ಲಾನಿ ಸ್ಮಿತ್‌ನ ಆರ್ಗನ್, ರಾನಿ ಕ್ಯೂಬರ್‌ನ ಬ್ಯಾರಿಟೋನ್ ಸ್ಯಾಕ್ಸ್, ಎದುರಿಗೆ ಬೆನ್ಸನ್‌ನ ಗಿಟಾರ್. ಅಲ್ಲಿ ‘ಸಮ್ಮರ್‌ಟೈಮ್’ ಹಾಡಿರುವವನೂ ಅವನೇ.