ನಕ್ಷೆಯ ಚುಕ್ಕೆ, ನೆಲದ ತಾಮ್ರ

ನಿಮ್ಮ ಶಾಲೆಯ ಗೋಡೆಯ ಮೇಲೆ ಕರ್ನಾಟಕದ ಖನಿಜ ನಕ್ಷೆ ತೂಗುತ್ತಿದ್ದರೆ ಒಮ್ಮೆ ಅದರ ಮುಂದೆ ನಿಲ್ಲಿ. ಇಂಥ ನಕ್ಷೆಗಳಲ್ಲಿ ತಾಮ್ರದ ಚುಕ್ಕೆ ಸಾಮಾನ್ಯವಾಗಿ ಚಿತ್ರದುರ್ಗದ ಬಳಿ ಒಂದು, ಹಾಸನದ ಕಡೆ ಒಂದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಭಾಗ ಖಾಲಿ. "ನಮ್ಮ ಕಡೆ ತಾಮ್ರ ಇಲ್ಲೇನ್ರಿ ಸರ್?" ಎಂದು ವಿದ್ಯಾರ್ಥಿ ಕೇಳಿದರೆ ನಕ್ಷೆಯನ್ನು ತೋರಿಸಿ ಸುಮ್ಮನಾಗುವುದು ಸುಲಭ. ಆದರೆ ಆ ಚುಕ್ಕೆಯಾಗಲಿ, ಆ ಖಾಲಿ ಜಾಗವಾಗಲಿ ನಾವು ನಂಬಿರುವಷ್ಟನ್ನು ಹೇಳುವುದಿಲ್ಲ.

ಮೊದಲು ಚುಕ್ಕೆಯನ್ನೇ ನೋಡೋಣ. ಚಿತ್ರದುರ್ಗದ ಇಂಗಳದಾಳಿನ ತಾಮ್ರ ಪುರಾತನ ಸಮುದ್ರತಳದ ಜ್ವಾಲಾಮುಖಿಗಳ ಕೊಡುಗೆ. ನೀರಿನೊಳಗೆ ಹರಿದ ಲಾವಾ ದಿಂಬುಗಳಂತೆ ಗಟ್ಟಿಯಾದುದನ್ನು ಮರಡಿಹಳ್ಳಿಯಲ್ಲಿ ಇಂದಿಗೂ ಕಾಣಬಹುದು. ಅಂಥ ಲಾವಾದ ನಡುವೆ ಬಿಸಿನೀರು ಹೊತ್ತು ತಂದ ತಾಮ್ರ, ಗಂಧಕ ಮತ್ತು ಕಬ್ಬಿಣದೊಡನೆ ಕೂಡಿ ಚಾಲ್ಕೊಪೈರೈಟ್ ಆಗಿ ನೆಲೆಗೊಂಡಿತು. ಪುರಾತನರೂ ಇಲ್ಲಿ ಅಗೆದಿದ್ದರು. ಆಧುನಿಕ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಇಲ್ಲಿಯೂ ಹಾಸನ ಜಿಲ್ಲೆಯ ಕಲ್ಯಾಡಿಯಲ್ಲಿಯೂ ಗಣಿ ನಡೆಸಿ ನಿಲ್ಲಿಸಿತು. ನಿಂತುಹೋದ ಗಣಿ ಎಂಬುದನ್ನು ಚುಕ್ಕೆ ತಿಳಿಸುತ್ತದೆಯೇ? ಇಲ್ಲ. ಬೀಳಗಿಯನ್ನು ದಾಟಿದ ಕೃಷ್ಣೆ ಮುಂದೆ ಸುರಪುರ ಸೀಮೆಯ ತಿಂಥಣಿಯನ್ನು ಮುಟ್ಟುತ್ತಾಳೆ. ಅಲ್ಲಿ ತಾಮ್ರಕ್ಕಾಗಿ ಅನ್ವೇಷಣೆ ನಡೆದಿದೆ, ಗಣಿಯಾಗಿಲ್ಲ. ಅದನ್ನು ನಕ್ಷೆಗೆ ಸೇರಿಸಿದರೂ ಅದೇ ಬಣ್ಣದ, ಅದೇ ಗಾತ್ರದ ಚುಕ್ಕೆ!

ಖಾಲಿ ಜಾಗದ ಕಥೆ ಇನ್ನೂ ಸ್ವಾರಸ್ಯಕರ. ಅದಕ್ಕೆ ಅರ್ಧ ಕಾರಣ ಆಡಳಿತದ ಇತಿಹಾಸ. ಮೈಸೂರು ಸಂಸ್ಥಾನ 1894ರಲ್ಲಿಯೇ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. 1916ರಲ್ಲಿ ಸ್ಮೀತ್ ಮತ್ತು ಸಂಪತ್ ಅಯ್ಯಂಗಾರ್ ಸಂಸ್ಥಾನದ ಖನಿಜ ಸಂಪತ್ತಿನ ಗ್ರಂಥವನ್ನೇ ಹೊರತಂದರು. ಆಗ ಜಮಖಂಡಿ, ಮುಧೋಳಗಳು ಬೇರೆಯೇ ಸಂಸ್ಥಾನಗಳು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂದವು. ಮೈಸೂರಿನ ಭೂವಿಜ್ಞಾನಿಗಳು ಹಳ್ಳಿ ಹಳ್ಳಿ ಸುತ್ತುತ್ತಿದ್ದಾಗ ಈ ನೆಲ ಅವರ ಗಡಿಯ ಆಚೆಗಿತ್ತು.

ಹಾಗೆಂದು ಈ ಕಡೆ ಯಾರೂ ಕಾಲಿಟ್ಟಿರಲಿಲ್ಲವೆಂದಲ್ಲ. ಮುಂದೆ ಮೈಸೂರು ಇಲಾಖೆಯ ಮೊದಲ ಮುಖ್ಯಸ್ಥರಾದ ರಾಬರ್ಟ್ ಬ್ರೂಸ್ ಫೂಟ್ ಅವರೇ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ವರ್ಣಿಸಿ 'ಕಲಾದಗಿ' ಶಿಲಾಶ್ರೇಣಿಗೆ ಹೆಸರಿಟ್ಟರು. ಬಾದಾಮಿಯ ಮರಳುಗಲ್ಲನ್ನೂ ಅದರಲ್ಲಿಯೇ ಸೇರಿಸಿದರು. ಮಡಿಕೆಬಿದ್ದ ಹಳೆಯ ಪದರಗಳ ಮೇಲೆ ಮರಳುಗಲ್ಲು ಆಮೇಲೆ ಹಾಸಿಕೊಂಡಿತೆಂದು ಎಂ. ಎನ್. ವಿಶ್ವನಾಥಯ್ಯ ಮೊದಲಾದವರು ತೋರಿಸಿ ಎರಡನ್ನೂ ಬೇರ್ಪಡಿಸಿದರು. ಫೂಟ್ ಅವರ ಗ್ರಂಥಕ್ಕೆ ತಿದ್ದುಪಡಿ ಸಾಧ್ಯವಾದದ್ದು ಅವರು ಕಂಡದ್ದನ್ನು ಕಂಡ ಜಾಗದೊಡನೆ ಬರೆದಿಟ್ಟದ್ದರಿಂದ. ನಮ್ಮ ಗೋಡೆ ನಕ್ಷೆಗೆ ಆ ಭಾಗ್ಯವಿಲ್ಲ.

ಖಾಲಿ ಜಾಗದ ಉಳಿದರ್ಧ ಕಾರಣ ಶಿಲೆಯದೇ. ಇಲ್ಲಿ ಹೆಚ್ಚಾಗಿ ಕಾಣುವುದು ಕಲಾದಗಿಯ ಕ್ವಾರ್ಟ್‌ಜೈಟ್, ಜೇಡುಕಲ್ಲು, ಸುಣ್ಣಕಲ್ಲು. ಉತ್ತರಕ್ಕೆ ದಖನ್ನಿನ ಬಸಾಲ್ಟ್. ಇಂಗಳದಾಳಿನಂಥ ಪುರಾತನ ಲಾವಾ ಪಟ್ಟಿ ಅಡಿಯಲ್ಲೆಲ್ಲೋ ಇದ್ದರೂ ಮೇಲಿನ ಹೊದಿಕೆ ಅದನ್ನು ಮರೆಮಾಡುತ್ತದೆ. ಜಲಜಶಿಲೆಯಲ್ಲಿ ತಾಮ್ರ ಸಿಗುವುದೇ ಇಲ್ಲವೆನ್ನುವಂತೆಯೂ ಇಲ್ಲ. ಜಾಂಬಿಯಾ, ಪೋಲೆಂಡ್‌ಗಳ ದೊಡ್ಡ ನಿಕ್ಷೇಪಗಳು ಅಂಥ ಪದರಗಳಲ್ಲಿಯೇ ಇವೆ. ಕಲಾದಗಿಯೂ ಅದೇ ಬಗೆಯದೆಂದು ಇದರಿಂದ ತೀರ್ಮಾನಿಸಬೇಡಿ.

ಬಸಾಲ್ಟಿನಲ್ಲಿ ತಾಮ್ರವಿದೆ, ಆದರೆ ಟನ್ನಿಗೆ ನೂರಿನ್ನೂರು ಗ್ರಾಂ ಆಸುಪಾಸು. ಶೇಕಡಾ 1ರ ಅದಿರೆಂದರೆ ಟನ್ನಿಗೆ 10 ಕಿಲೋ. ಈ ಐವತ್ತು-ನೂರು ಪಟ್ಟು ಅಂತರ ಗೊತ್ತಿಲ್ಲದೆ "ತಾಮ್ರ ಪತ್ತೆ" ಎಂಬ ಸುದ್ದಿ ಹಬ್ಬಿದರೆ ಹೊಲದ ಬೆಲೆ ಏರಿಳಿಯುತ್ತದೆ, ಊರಿನಲ್ಲಿ ಇಲ್ಲದ ಆಸೆ ಮತ್ತು ಭಯ ಎರಡೂ ಹುಟ್ಟುತ್ತವೆ. ಬಾವಿ ತೋಡುವಾಗ ಕರಿಕಲ್ಲಿನ ಪೊಟರೆಗಳಲ್ಲಿ ಹಸಿರು ಲೇಪ ಕಂಡರೆ ಅದು ಬಹುಮಟ್ಟಿಗೆ ಸೆಲಡೊನೈಟ್, ಕಬ್ಬಿಣಾಂಶವುಳ್ಳ ಅಭ್ರಕದ ಬಳಗದ ಖನಿಜ. ತಾಮ್ರದ ಮ್ಯಾಲಕೈಟ್ ಹೌದೋ ಅಲ್ಲವೋ ಎಂಬುದನ್ನು ಶಿಕ್ಷಕರ ಸಮ್ಮುಖದಲ್ಲಿ ಪರೀಕ್ಷಿಸಿ. ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಮ್ಯಾಲಕೈಟ್ ನೊರೆಯೇಳುತ್ತದೆ. ಲೋಕಾಪುರದ ಸುಣ್ಣಕಲ್ಲೂ ನೊರೆಯೇಳುತ್ತದೆ! ಆದ್ದರಿಂದ ಆ ದ್ರಾವಣದಲ್ಲಿ ಉಜ್ಜಿ ತೊಳೆದ ಕಬ್ಬಿಣದ ಮೊಳೆ ಅದ್ದಿ. ತಾಮ್ರವಿದ್ದರೆ ಮೊಳೆಯ ಮೇಲೆ ಕೆಂಪು ಲೇಪ ಕೂರುತ್ತದೆ.

ಅಷ್ಟಾದರೂ ಅದು ಒಂದು ಕಲ್ಲಿನ ಸಾಕ್ಷ್ಯ ಮಾತ್ರ. ಭೂವಿಜ್ಞಾನಿಗಳು ಅನ್ವೇಷಣೆಯನ್ನು ನಾಲ್ಕು ಹಂತಗಳಾಗಿ ಗುರುತಿಸುತ್ತಾರೆ: ಜಿ-4 ಎಂದರೆ ಸ್ಥೂಲ ಸಮೀಕ್ಷೆ, ಜಿ-1 ಎಂದರೆ ಒತ್ತೊತ್ತಾಗಿ ಕೊರೆದು ಅಳೆದ ವಿವರ ಅನ್ವೇಷಣೆ. ಶಾಲೆಯ ನಕ್ಷೆ ಮುದ್ರಿಸುವವರು ಪ್ರತಿ ಚುಕ್ಕೆಯ ಪಕ್ಕ ಈ ಹಂತವನ್ನೂ ಇಸವಿಯನ್ನೂ ಹಾಕಬೇಕು. ನಿಂತ ಗಣಿಗೆ ಬೇರೆ ಗುರುತು, ಸಮೀಕ್ಷೆಯಾಗಿಯೂ ಸಿಗದ ಜಾಗಕ್ಕೆ ಒಂದು ಬಣ್ಣ, ಸಮೀಕ್ಷೆ ಸಾಲದ ಜಾಗಕ್ಕೆ ಇನ್ನೊಂದು. ಹೊಸ ನಕ್ಷೆ ಬರುವ ತನಕ ನಿಮ್ಮ ವಿದ್ಯಾರ್ಥಿಗಳೇ ಇಂಗಳದಾಳು, ಕಲ್ಯಾಡಿಗಳ ಚುಕ್ಕೆಗಳ ಮೇಲೆ ಪೆನ್ಸಿಲಿನಿಂದ 'ನಿಂತಿದೆ' ಎಂದು ಬರೆಯಲಿ.