ಹಾಡು ಕತ್ತರಿಸಿದ ಮೇಲೆ ಉಳಿಯುವ ಮಾತು

ಬಿಬಿಸಿ ರೇಡಿಯೊದಲ್ಲಿ 1942ರ ಜನವರಿಯಿಂದ ನಡೆದುಕೊಂಡು ಬಂದಿರುವ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಎಂಬ ಕಾರ್ಯಕ್ರಮವಿದೆ. ಅತಿಥಿಯೊಬ್ಬರನ್ನು ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಬಿಟ್ಟಂತೆ ಕಲ್ಪಿಸಿಕೊಂಡು, ಜೊತೆಗೆ ಒಯ್ಯುವ ಎಂಟು ಧ್ವನಿಮುದ್ರಿಕೆಗಳು ಯಾವುವು ಎಂದು ಕೇಳುವುದು ಅದರ ಕ್ರಮ. ರಾಯ್ ಪ್ಲಮ್ಲಿ ಅದನ್ನು ಹುಟ್ಟುಹಾಕಿದಾತ. ಒಂದು ಪುಸ್ತಕವನ್ನೂ ಒಂದು ಐಷಾರಾಮಿ ವಸ್ತುವನ್ನೂ ಒಯ್ಯಬಹುದು. ಬೈಬಲ್ ಮತ್ತು ಶೇಕ್ಸ್‌ಪಿಯರ್ ಮೊದಲೇ ಕೊಟ್ಟಿರುತ್ತಾರೆ. ಬೈಬಲ್ ಬದಲು ಕುರ್‌ಆನ್ ಬೇಕೆಂದರೆ ಅದಕ್ಕೂ ಅಡ್ಡಿಯಿಲ್ಲ. ಧರ್ಮಗ್ರಂಥ ಬದಲಾಯಿಸುವುದು ಇಷ್ಟು ಸಲೀಸಾದ ಕಾರ್ಯಕ್ರಮದಲ್ಲಿ ತಕರಾರು ಬಂದದ್ದು ಹಾಡಿನ ವಿಷಯಕ್ಕೆ.

ಬಹಳ ವರ್ಷ ಈ ಕಾರ್ಯಕ್ರಮ ಅಂತರ್ಜಾಲದಲ್ಲಿ ಮತ್ತೆ ಕೇಳಲು ಸಿಗುತ್ತಿರಲಿಲ್ಲ. ಹಕ್ಕುದಾರರೊಡನೆ ಒಪ್ಪಂದ ಕುದುರಿ ಪಾಡ್‌ಕಾಸ್ಟ್ ಆಗಿ ಬಂದದ್ದು 2009ರ ಕೊನೆಗೆ. ಬಂದಾಗಲೂ ಹಾಡುಗಳು ಮೊಟಕಾಗಿದ್ದವು. ನಾಲ್ಕು ಸಾಲು ಕೇಳಿಸುವಷ್ಟರಲ್ಲಿ ದನಿ ಕರಗುತ್ತದೆ, ನಿರೂಪಕಿಯ ಮುಂದಿನ ಪ್ರಶ್ನೆ ಶುರುವಾಗುತ್ತದೆ.

ಇದನ್ನು ಸಣ್ಣ ಸಂಗತಿ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅತಿಥಿ ತೀರಿಕೊಂಡ ತಾಯಿಯ ಮಾತು ತೆಗೆಯುತ್ತಾನೆ. ಬಳಿಕ ಅವಳು ಗುನುಗುತ್ತಿದ್ದ ಹಾಡು. ಆ ಹಾಡು ನಡೆಯುವಷ್ಟು ಹೊತ್ತು ಅವನೂ ನಾವೂ ಸುಮ್ಮನಿರಬೇಕು. ಹಾಡು ಮುಗಿದ ಮೇಲೆ ಬರುವ ದನಿ ಬೇರೆಯದೇ ಆಗಿರುತ್ತದೆ. ಕತೆ ಬರೆಯುವವರಿಗೆ ಇದು ಗೊತ್ತಿರುವ ಮರ್ಮ: ಎರಡು ಪ್ಯಾರಾಗಳ ನಡುವೆ ಬಿಟ್ಟ ಖಾಲಿ ಜಾಗವೂ ಕತೆಯೇ. ಅದನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಒಳ್ಳೆಯ ಸಂದರ್ಶನ ಮಾತ್ರ.

ಕಾರಣ ಕಾನೂನಿನಲ್ಲಿದೆ. ಬಾನುಲಿಯಲ್ಲಿ ಹಾಡು ಹರಿದು ಹೋಗುತ್ತದೆ. ಅದಕ್ಕೆ ಕೇಂದ್ರಗಳು ಹಕ್ಕುದಾರರ ಸಂಘಗಳಿಗೆ ಒಟ್ಟಾಗಿ ಹಣ ಕಟ್ಟುವ ಪದ್ಧತಿ ಇದೆ. ಪಾಡ್‌ಕಾಸ್ಟ್ ಹಾಗಲ್ಲ, ಕೇಳುಗನ ಕೈಯಲ್ಲಿ ಪ್ರತಿಯಾಗಿ ಉಳಿಯುತ್ತದೆ. ಪ್ರತಿಗೆ ಬೇರೆ ಅನುಮತಿ ಬೇಕು, ಅದೂ ಎರಡು ಬಾಗಿಲಲ್ಲಿ: ರಚನೆಯ ಹಕ್ಕು ಒಬ್ಬರದು, ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು. ಪುರಂದರದಾಸರ ಪದಕ್ಕೆ ಇಂದು ಯಾರಿಗೂ ಕಾಸು ಕೊಡಬೇಕಿಲ್ಲ. ಅದನ್ನೇ ಭೀಮಸೇನ ಜೋಶಿಯವರು ಹಾಡಿದ ಮುದ್ರಿಕೆಗೆ ಒಡೆಯರಿದ್ದಾರೆ. ಹಳೆಯ ನಾತ್, ಕವ್ವಾಲಿಗಳ ಪಾಡೂ ಇದೇ.

ಹಾಗಾದರೆ ಹಕ್ಕು ಯಾರದ್ದೂ ಅಲ್ಲದ ಸಂಗೀತವನ್ನು ಕೇಂದ್ರವೇ ನುಡಿಸಿ ಹಂಚಿದರೆ? ಬಿಬಿಸಿ 2005ರ ಜೂನ್‌ನಲ್ಲಿ ಅದನ್ನೂ ಮಾಡಿ ನೋಡಿತು. ಬಿಥೋವನ್ ಸತ್ತದ್ದು 1827ರಲ್ಲಿ. ವಾದ್ಯವೃಂದ ಬಿಬಿಸಿಯದೇ, ನಿರ್ದೇಶಕ ಜಿಯಾನಾಂಡ್ರಿಯಾ ನೊಸೆಡಾ. ಒಂಬತ್ತು ಸಿಂಫನಿಗಳನ್ನೂ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಾಗ ಸುಮಾರು 14 ಲಕ್ಷ ಬಾರಿ ಇಳಿಸಿಕೊಂಡರು. ಕೂಡಲೇ ಧ್ವನಿಮುದ್ರಣ ಕಂಪೆನಿಗಳು ಬೊಬ್ಬೆ ಹಾಕಿದವು: ಸರಕಾರಿ ಶುಲ್ಕದ ಹಣದಲ್ಲಿ ಪುಕ್ಕಟೆ ಹಂಚಿದರೆ ನಮ್ಮ ಡಿಸ್ಕನ್ನು ಯಾರು ಕೊಳ್ಳುತ್ತಾರೆ ಎಂದು. 2007ರಲ್ಲಿ ಬಿಬಿಸಿ ಟ್ರಸ್ಟ್, ಇಂಥ ಡೌನ್‌ಲೋಡ್‌ಗಳಿಂದ ಶಾಸ್ತ್ರೀಯ ಸಂಗೀತವನ್ನು ಹೊರಗಿಟ್ಟಿತು. ಹಕ್ಕಿನ ಪ್ರಶ್ನೆಯೇ ಇಲ್ಲದ ಕಡೆಯೂ ಮಾರುಕಟ್ಟೆಯ ಪ್ರಶ್ನೆ ಇತ್ತು ಎಂಬುದು ಆಗ ಬಯಲಾಯಿತು.

ಹಾಡಿದವನಿಗೆ, ಬರೆದವನಿಗೆ ಕೂಲಿ ಸಲ್ಲಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂದಾಯ ಮಾಡುವ ದಾರಿಯೊಂದನ್ನು ತೆರೆದಿಡುವುದು ಕಾನೂನಿನ ಕೆಲಸ. ನಮ್ಮಲ್ಲಿ 2012ರ ತಿದ್ದುಪಡಿ ಪ್ರಸಾರ ಕೇಂದ್ರಗಳಿಗೆ ಅಂಥ ದಾರಿ ತೆರೆಯಿತು. ಕೃತಿಸ್ವಾಮ್ಯ ಕಾಯಿದೆಯ 31ಡಿ ಸೆಕ್ಷನ್ ಪ್ರಕಾರ, ಮುಂಚಿತವಾಗಿ ನೋಟೀಸು ಕೊಟ್ಟು ನಿಗದಿಯಾದ ದರ ಕಟ್ಟಿದರೆ ಪ್ರಕಟಿತ ಹಾಡನ್ನು ಪ್ರಸಾರ ಮಾಡಬಹುದು, ಒಡೆಯನ ಮರ್ಜಿ ಕಾಯಬೇಕಿಲ್ಲ. ಟಿಪ್ಸ್ ಕಂಪೆನಿ ವಿಂಕ್ ಮೇಲೆ ಹೂಡಿದ ದಾವೆಯಲ್ಲಿ ಬಾಂಬೆ ಹೈಕೋರ್ಟು 2019ರಲ್ಲಿ, ಈ ಸವಲತ್ತು ರೇಡಿಯೊ, ಟಿವಿಗಷ್ಟೇ, ಅಂತರ್ಜಾಲಕ್ಕಲ್ಲ ಎಂದಿತು. 2022ರಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠ ಇದನ್ನು ಎತ್ತಿಹಿಡಿಯಿತು. ಅಲ್ಲಿದ್ದದ್ದು ದೊಡ್ಡ ವ್ಯಾಪಾರಿ ಸಂಸ್ಥೆ, ಅದಕ್ಕಾಗಿ ಮರುಗಬೇಕಾಗಿಲ್ಲ. ಆದರೆ ವಾರಕ್ಕೊಮ್ಮೆ ಹಳೆಯ ಹಾಡುಗಳ ಬಗ್ಗೆ ಮಾತಾಡುವ ಸಣ್ಣ ಬಾನುಲಿ ಕೇಂದ್ರವೂ ಆ ಮುಚ್ಚಿದ ಬಾಗಿಲ ಮುಂದೆಯೇ ನಿಂತಿದೆ. ಅದು ಒಂದೊಂದು ಹಾಡಿಗೂ ಕಂಪೆನಿಗೆ ಪತ್ರ ಬರೆಯಬೇಕು, ಕೇಳಿದಷ್ಟು ಕೊಡಬೇಕು. ಅದರ ಬದಲು ಕಾರ್ಯಕ್ರಮದಿಂದ ಹಾಡನ್ನೇ ಕಿತ್ತು ಮಾತನ್ನಷ್ಟೇ ಪಾಡ್‌ಕಾಸ್ಟ್‌ಗೆ ಹಾಕುವುದು ಸುಲಭ. ಪಾಡ್‌ಕಾಸ್ಟ್ ಲೋಕ ಮಾತಿನಿಂದಲೇ ತುಂಬಿಹೋಗಿರುವುದಕ್ಕೆ ಕೇಳುಗರ ಅಭಿರುಚಿಯಷ್ಟೇ ಕಾರಣವಲ್ಲ.

ಅಮೀನ್ ಸಯಾನಿ 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಆರಂಭಿಸಿದ 'ಬಿನಾಕಾ ಗೀತಮಾಲಾ'ದಲ್ಲಿ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ತೊಡಗಿತು ಎಂದು ಗೆರೆ ಎಳೆಯಲಾಗದು. ಆ ಸರಳ ಹಿಂದೂಸ್ತಾನಿಯ ಸಲುಗೆಗೆ ಹಾಡೇ ಬೇಕಿತ್ತು. ಸಯಾನಿ ತೀರಿಕೊಂಡದ್ದು 2024ರ ಫೆಬ್ರವರಿಯಲ್ಲಿ. ಅವರ ಗೀತಮಾಲಾ ಹಾಡುಗಳ ಸಮೇತ ಈ ಕಾಲದವರೆಗೆ ಬಂದಿದೆ, ನಿಜ: ಮೊದಲು ಸಿ.ಡಿ.ಗಳಾಗಿ, 2017ರ ನಂತರ 'ಕಾರವಾನ್' ಪೆಟ್ಟಿಗೆಯಲ್ಲಿ. ಎರಡನ್ನೂ ಹೊರತಂದದ್ದು ಸಾರೆಗಮ, ಅಂದರೆ ಆ ಹಾಡುಗಳಲ್ಲಿ ಬಹುಪಾಲಿನ ಒಡೆತನವಿರುವ ಹಳೆಯ ಎಚ್.ಎಂ.ವಿ.